ಮುಜೊಂಡೊ ಆರಿಸಿದ ಜೋಡುನಳಿಗೆ

ಸಾಹ್ವಿರಾ ಅಂದರೆ ಬರೀ ಗೆಳೆಯ ಅಂದುಕೊಂಡವರು ಪೆಟ್ಟು ತಿನ್ನುತ್ತಾರೆ. ಗೆಳೆಯನನ್ನು ಬೇಕಾದರೆ ಕಟ್ಟಿಕೊಳ್ಳಬಹುದು, ಬೇಡವಾದರೆ ಬಿಡಬಹುದು. ಸಾಹ್ವಿರಾ ಅಜ್ಜನ ಕಾಲದಿಂದ ಗಂಟು ಬಿದ್ದವನು. ಈ ಮನೆಯ ಹೆಣಕ್ಕೆ ಆ ಮನೆಯವರು ಗುಂಡಿ ತೋಡಬೇಕು, ಆ ಮನೆಯ ಮದುವೆಯಲ್ಲಿ ಈ ಮನೆಯವರು ನೆರೆದವರೆಲ್ಲರ ಮಾನ ಕಳೆಯಬೇಕು. ಅವನು ಏನಂದರೂ ಮೈಗೆ ಹಚ್ಚಿಕೊಳ್ಳುವಂತಿಲ್ಲ. ನಿನ್ನ ಹೆಂಡತಿಯ ಎದುರೇ ನಿನ್ನನ್ನು ಕಳ್ಳ ಅನ್ನಬಹುದು, ಹೊಟ್ಟೆಬಾಕ ಅನ್ನಬಹುದು; ನೀನು ಹಲ್ಲು ಕಿರಿದು ಅದಕ್ಕಿಂತ ದಪ್ಪದ್ದೊಂದನ್ನು ವಾಪಸು ಕೊಡಬೇಕು. ಮುಖ ಸಿಂಡರಿಸಿದವನು ಸೋತ. ಬೇರೆ ಯಾರೂ ಹೇಳಲಾರದ ನಿಜವನ್ನು ಹೇಳುವುದಕ್ಕೆಂದೇ ಹಿರಿಯರು ಈ ನಂಟು ಮಾಡಿಟ್ಟರು ಎನ್ನುತ್ತಾರೆ. ಇರಬಹುದು. ಹಿರಿಯರು ಎಲ್ಲವನ್ನೂ ಯೋಚಿಸಿಯೇ ಮಾಡಿದ್ದರು ಅಂತೇನೂ ಇಲ್ಲ.

ಮಬಾಸಾ ಮತ್ತು ಮುಜೊಂಡೊ ಇಂಥ ಸಾಹ್ವಿರಾಗಳು. ಮಬಾಸಾನದು ಜೀಬ್ರಾ ಕುಲ, ಹಾಗಾಗಿ ಮುಜೊಂಡೊನ ಬಾಯಲ್ಲಿ ಅವನು ಪಟ್ಟೆಕತ್ತೆ. ಮುಜೊಂಡೊನದು ಕೋತಿ ಕುಲ, ಹಾಗಾಗಿ ಮಬಾಸಾನ ಬಾಯಲ್ಲಿ ಅವನು ಮಂಗಣ್ಣ. ಇಬ್ಬರೂ ಮೀಸೆ ಮೂಡುವ ಮೊದಲೇ ಜಾಂಬೆಜಿ ಕಣಿವೆಯ ಒಂದೇ ಬೇಟೆ ಕಂಪನಿಗೆ ಸೇರಿದ್ದರು. ಮಬಾಸಾ ಮೃಗದ ಹೆಜ್ಜೆ ಹಿಡಿದು ಮುಂದೆ ನಡೆಯುವವನು. ಮುಜೊಂಡೊ ಹೊರದೇಶದ ಬೇಟೆಗಾರರ ಕೋವಿ ಹೊತ್ತು ಹಿಂದೆ ನಡೆಯುವವನು. ಅವನ ಅಪ್ಪನೂ ಅದನ್ನೇ ಮಾಡಿದ್ದ. ಬಿಳಿ ಯಜಮಾನರ ಜೋಡುನಳಿಗೆ ಕೋವಿಯನ್ನು ಭುಜ ಸವೆಯುವ ತನಕ ಹೊತ್ತು, ಒಮ್ಮೆಯೂ ಅದರ ಕುದುರೆ ಎಳೆಯದೆ ಸತ್ತಿದ್ದ.

ಮುಜೊಂಡೊ ಅಪ್ಪನ ಹಾಗೆ ಉಳಿಯಲಿಲ್ಲ. ವೃತ್ತಿ ಬೇಟೆಗಾರರ ಪರೀಕ್ಷೆಗೆ ಓದಿದ, ಬರೆದ, ವರ್ಷಗಟ್ಟಲೆ ಉಮೇದುವಾರಿ ಮಾಡಿದ, ಕೊನೆಗೆ ಕಾಡಿನ ಪರೀಕ್ಷೆಯನ್ನೂ ದಾಟಿ ಪರವಾನಗಿ ಗಿಟ್ಟಿಸಿದ. ಮಬಾಸಾನೂ ಒಂದು ಸಲ ಆ ಪರೀಕ್ಷೆಗೆ ಕೂತಿದ್ದ. ಲಿಖಿತದಲ್ಲೇ ಬಿದ್ದ.

"ಕತ್ತೆ ಪೇಪರ್ ತಿನ್ನುತ್ತೆ ಅಂತ ಗೊತ್ತಿತ್ತು, ಓದೋಕೆ ಹೋಗುತ್ತೆ ಅಂತ ಗೊತ್ತಿರ್ಲಿಲ್ಲ" ಎಂದು ಮುಜೊಂಡೊ ಆಗ ಊರಿಗೆಲ್ಲ ಸಾರಿದ್ದ. ಮಬಾಸಾ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಆ ನಗು ಅವನ ಗಂಟಲಿನಿಂದ ಕೆಳಕ್ಕೆ ಇಳಿದಿರಲಿಲ್ಲ.

ಈಗ ಮುಜೊಂಡೊನ ಹೆಸರಿನಲ್ಲೇ ಮೊದಲ ಬೇಟೆ ಗೊತ್ತಾಗಿತ್ತು. ಆಸ್ಟ್ರಿಯಾ ದೇಶದ ಹಲ್ಲಿನ ಡಾಕ್ಟರೊಬ್ಬರು ಕಾಡುಕೋಣಕ್ಕೆ ಬರುವವರಿದ್ದರು. ಇಷ್ಟು ದಿನ ಕಂಪನಿಯ ಎರವಲು ಕೋವಿಯಲ್ಲಿ ಸಾಗುತ್ತಿತ್ತು. ಇನ್ನು ಸ್ವಂತದ್ದು ಬೇಕು, ಅದೂ ಕಾಡುಕೋಣವನ್ನು ನಿಂತಲ್ಲೇ ಕೆಡವುವಂಥ ದೊಡ್ಡದು. ಅತಿಥಿಯ ಗುಂಡು ತಪ್ಪಿದರೆ, ಗಾಯವಾದ ಮೃಗ ತಿರುಗಿ ಬಿದ್ದರೆ, ಅದನ್ನು ನಿಲ್ಲಿಸಬೇಕಾದವನು ವೃತ್ತಿ ಬೇಟೆಗಾರ. ಅವನ ಕೋವಿ ಅಲಂಕಾರಕ್ಕಲ್ಲ, ಅವನ ಮತ್ತು ಅವನ ಹಿಂದಿನವರ ಪ್ರಾಣಕ್ಕೆ.

ಚಿನ್ಹೊಯಿ ಪಟ್ಟಣದಲ್ಲಿ ಮಿಸೆಸ್ ಕ್ಲೂಟಿ ಎಂಬ ಮುದುಕಿಯ ಕೋವಿ ಅಂಗಡಿಯಿತ್ತು. ಗಂಡ ಬೇಟೆಗಾರನಾಗಿದ್ದು, ಸತ್ತ ಮೇಲೆ ಅಂಗಡಿ ಅವಳ ಪಾಲಿಗೆ ಬಂದಿತ್ತು. ಮುಜೊಂಡೊ ಮಬಾಸಾನನ್ನು ಕರೆದುಕೊಂಡೇ ಹೋದ. ಸಾಹ್ವಿರಾನನ್ನು ಬಿಟ್ಟು ಇಂಥ ವ್ಯಾಪಾರಕ್ಕೆ ಯಾರೂ ಹೋಗುವುದಿಲ್ಲ.

ಮುದುಕಿ ಎರಡು ಕೋವಿ ತೆಗೆದಿಟ್ಟಳು. ಒಂದು ಬೋಲ್ಟ್ ರೈಫಲ್, ಪ್ರತಿ ಗುಂಡಿಗೂ ಚಿಲಕದಂತೆ ಎಳೆದು ತಳ್ಳುವಂಥದ್ದು, ನಾನೂರ ಹದಿನಾರರ ಅಳತೆಯದು. ಮರಕ್ಕೆ ಹೊಳಪಿಲ್ಲ, ಕಬ್ಬಿಣ ಅಲ್ಲಲ್ಲಿ ಬೆಳ್ಳಗಾಗಿತ್ತು. ನಾಲ್ಕು ತೋಟಾ ಹಿಡಿಯುತ್ತಿತ್ತು. ಇನ್ನೊಂದು ನಾನೂರ ಎಪ್ಪತ್ತರ ಜೋಡುನಳಿಗೆ, ಇಂಗ್ಲೆಂಡಿನ ಹಳೇ ಮಾಲು. ಪಕ್ಕದಲ್ಲಿ ಬೆಳ್ಳಿಯ ಬಣ್ಣದ ಕೆತ್ತನೆ, ಜೇನಿನ ಬಣ್ಣದ ವಾಲ್ನಟ್ ಮರ. ಅದನ್ನು ಕಂಡದ್ದೇ ಮುಜೊಂಡೊ ಹತ್ತಿರ ಸರಿದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎತ್ತಿದ. ಅವನ ಅಪ್ಪ ಹೊತ್ತದ್ದು ಇಂಥದ್ದನ್ನೇ.

"ಮಂಗನ ಕೈಗೆ ಮಾಣಿಕ್ಯ ಬಂತು" ಎಂದ ಮಬಾಸಾ.

"ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಸುಮ್ನೆ ನಿಂತ್ಕೋ" ಎಂದ ಮುಜೊಂಡೊ, ಕೋವಿಯಿಂದ ಕಣ್ಣು ಕೀಳದೆ.

"ಎರಡನ್ನೂ ಹೊಡೆದು ನೋಡಪ್ಪ" ಎಂದಳು ಮಿಸೆಸ್ ಕ್ಲೂಟಿ. "ಕೋವಿನ ಕಣ್ಣಲ್ಲಿ ಆರಿಸ್ಬಾರ್ದು. ನಮ್ಮೆಜಮಾನ್ರು ಹೇಳ್ತಿದ್ರು, ಜೋಡುನಳಿಗೆ ತಗೊಳ್ಳೋದು ಎರಡನೇ ಗುಂಡಿಗೋಸ್ಕರ. ಮೊದಲನೇ ಗುಂಡು ಯಾವ ಕೋವೀಲಾದ್ರೂ ಹಾರುತ್ತೆ. ಎರಡನೇದು ಸರಿಯಾಗಿ ಬೀಳಲಿಲ್ಲ ಅಂದ್ರೆ ಅದು ಬರೀ ಭಾರ."

ಊರ ಹೊರಗಿನ ಹಳೇ ಕಲ್ಲುಗಣಿಯಲ್ಲಿ ಪರೀಕ್ಷೆ ನಡೆಯಿತು. ರಟ್ಟಿನ ಮೇಲೆ ಕೋಣದ ಎದೆಯಷ್ಟು ದೊಡ್ಡ ಕಪ್ಪು ಗುರುತು. ಬೋಲ್ಟ್ ಕೋವಿಯನ್ನು ಮುಜೊಂಡೊ ಮನೆಯ ಬಾಗಿಲ ಚಿಲಕ ತೆಗೆದು ಹಾಕುವಷ್ಟು ಸಲೀಸಾಗಿ ಆಡಿಸಿದ. ಎಲ್ಲ ಗುಂಡುಗಳೂ ಒಂದು ಅಂಗೈ ಅಗಲದೊಳಗೆ ಕೂತವು. ಅದು ಒದೆಯದ ಕೋವಿಯೇನಲ್ಲ, ಆದರೆ ಅದರ ಒದೆತ ಅವನ ಮೈಗೆ ಒಗ್ಗುತ್ತಿತ್ತು. ಆಮೇಲೆ ಜೋಡುನಳಿಗೆ. ಮೊದಲ ಗುಂಡು ಗುರುತಿನ ನಟ್ಟನಡುವೆ. ಎರಡನೆಯದು ರಟ್ಟಿನ ಕೆಳಗೆ ಮಣ್ಣೆಬ್ಬಿಸಿತು. ಮತ್ತೆ ತುಂಬಿದ. ಮತ್ತೆ ಮೊದಲನೆಯದು ಸರಿ, ಎರಡನೆಯದು ಮಣ್ಣಿಗೆ.

ಮುದುಕಿ ರಟ್ಟನ್ನು ನೋಡುತ್ತಿದ್ದಳು. ಮಬಾಸಾ ಮುಜೊಂಡೊನ ಮುಖ ನೋಡುತ್ತಿದ್ದ. ಮೊದಲ ನಳಿಗೆ ಹಾರಿ ಭುಜಕ್ಕೆ ಒದ್ದಮೇಲೆ, ಎರಡನೇ ಕುದುರೆಗೆ ಬೆರಳು ಹೋಗುವಾಗ, ಅವನ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದವು. ಅದು ಮುಜೊಂಡೊಗೇ ಗೊತ್ತಿರಲಿಲ್ಲ. ಮೈ ತಾನಾಗಿ ಮಾಡುವ ಕೆಲಸ ಅದು, ಬರುವ ಹೊಡೆತಕ್ಕೆ ಮೊದಲೇ ಹೆದರಿಕೊಳ್ಳುವುದು. ಎಷ್ಟೋ ಅತಿಥಿಗಳಲ್ಲಿ ಇಬ್ಬರೂ ಇದನ್ನು ಕಂಡು ಬೆನ್ನ ಹಿಂದೆ ನಕ್ಕಿದ್ದುಂಟು.

ಹೇಳಬೇಕಾದ ಮಾತು ಒಂದೇ ಸಾಲಿನದು: ಈ ಕೋವಿ ನಿನಗೆ ಬೇಡ, ಎರಡನೇ ಗುಂಡಿಗೆ ನೀನು ಕಣ್ಣು ಮುಚ್ಚುತ್ತಿದ್ದೀಯ. ಮಬಾಸಾ ಬಾಯಿ ತೆರೆದ. ಬಂದದ್ದು ಬೇರೆ.

"ಏನೋ ಮಂಗಣ್ಣ, ಎರಡನೇ ಗುಂಡಿಗೆ ಪ್ರಾರ್ಥನೆ ಮಾಡ್ತೀಯಾ ಹೇಗೆ, ಕಣ್ಣು ಮುಚ್ಕೊಂಡು? ಕೋಣಾನೂ ಆಮೆನ್ ಅಂತ ನಿಂತ್ಕೊಳ್ಳುತ್ತೆ ಬಿಡು."

ಮುದುಕಿ ನಕ್ಕಳು. ರಟ್ಟು ನಿಲ್ಲಿಸಲು ಬಂದಿದ್ದ ಅಂಗಡಿಯ ಆಳೂ ನಕ್ಕ. ಮುಜೊಂಡೊ ಭುಜ ಉಜ್ಜಿಕೊಳ್ಳುತ್ತ ಎಲ್ಲರಿಗಿಂತ ಹೆಚ್ಚು ನಕ್ಕ.

"ಪ್ರಾರ್ಥನೆ ಅಲ್ವೋ ಪಟ್ಟೆಕತ್ತೆ. ನಿನ್ನ ಮುಖ ಕಾಣ್ಬಾರ್ದು ಅಂತ ಮುಚ್ಕೊಂಡೆ."

ಅಷ್ಟಕ್ಕೆ ಆ ಮಾತು ಮುಗಿಯಿತು. ಮುಜೊಂಡೊ ಜೋಡುನಳಿಗೆಯನ್ನೇ ಕೊಂಡ. "ಅಭ್ಯಾಸ ಆದ್ರೆ ಸರಿಹೋಗುತ್ತೆ" ಎಂದ. ವಾಪಸು ಬರುವಾಗ ಬಸ್ಸಿನಲ್ಲಿ ಕೋವಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಕೈ ಆಡಿಸುತ್ತ ಹೇಳಿದ: "ಅಪ್ಪ ಇದನ್ನ ಹೊತ್ತ. ನಾನು ಇದನ್ನ ಹೊಡೀತೀನಿ. ಅಷ್ಟೇ ಕಣೋ ನಂಗೆ ಬೇಕಾಗಿದ್ದು." ಆ ಗಳಿಗೆಯಲ್ಲಿ ಅವನು ಹಾಸ್ಯ ಮಾಡುತ್ತಿರಲಿಲ್ಲ. ಆಗ ಮಬಾಸಾನೂ ಹಾಸ್ಯ ಬಿಡಬಹುದಿತ್ತು. ಬಿಡಲಿಲ್ಲ, ಕಿಟಕಿಯ ಕಡೆ ತಿರುಗಿದ.

ಸಾಹ್ವಿರಾ ಗಂಭೀರವಾಗಿ ಮಾತಾಡಿದರೆ ಮನೆಯಲ್ಲಿ ಹೆಣ ಬಿದ್ದಿದೆ ಎಂದೇ ಲೆಕ್ಕ. ಬೇಟೆಗೆ ಹೊರಟವನ ಮುಂದೆ ಅಂಥ ಮುಖ ಮಾಡುವುದು ಅಪಶಕುನ. ಮಬಾಸಾ ತನಗೆ ತಾನೇ ಹೇಳಿಕೊಂಡ ಕಾರಣ ಅದು. ಅದರ ಕೆಳಗೆ ಇನ್ನೊಂದಿತ್ತು. ಪರೀಕ್ಷೆಯಲ್ಲಿ ಬಿದ್ದವನು ಗೆದ್ದವನಿಗೆ ಬುದ್ಧಿ ಹೇಳಿದರೆ ಜನ ಏನೆನ್ನುತ್ತಾರೆ? ಹೊಟ್ಟೆಕಿಚ್ಚು ಎನ್ನುತ್ತಾರೆ. ಮುಜೊಂಡೊ ಬಾಯಲ್ಲಿ ಅನ್ನದಿದ್ದರೂ ಮನಸ್ಸಿನಲ್ಲಿ ಅಂದುಕೊಂಡಾನು. ತಮಾಷೆಗೆ ಆ ಭಯವಿಲ್ಲ. ತಮಾಷೆಯಲ್ಲಿ ಹೇಳಿದರೆ ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು.

ಹೊರಡುವ ಹಿಂದಿನ ಸಂಜೆ ಮುಜೊಂಡೊನ ಅಂಗಳದಲ್ಲಿ ಊಟ. ಅವನ ಹೆಂಡತಿ ಸೆಕಾಯಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಸಡ್ಜಾ, ತಿರುವುತ್ತಿದ್ದಳು, ಒಲೆಯ ಮೇಲೆ ಕೋಳಿ ಕುದಿಯುತ್ತಿತ್ತು. ಮುಜೊಂಡೊ ಸ್ನಾನಕ್ಕೆ ಹೋದದ್ದು ನೋಡಿಕೊಂಡು ಅವಳು ಮಬಾಸಾನ ಹತ್ತಿರ ಬಂದಳು. ಕೈಯಲ್ಲಿ ತಿರುವುಗೋಲು ಹಾಗೇ ಇತ್ತು.

"ಸಾಹ್ವಿರಾ, ಒಂದು ಮಾತು. ಅವರ ಭುಜ ನೋಡಿದ್ಯಾ? ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ದಿನಾ ಹೊಡೀತಾರೆ, ದಿನಾ ಎಣ್ಣೆ ಹಚ್ಚಿಸ್ಕೋತಾರೆ. ಆ ಕೋವಿ ಅವರಿಗೆ ಸರಿ ಇದೆಯಾ? ನನಗೆ ತಿಳಿಯಲ್ಲ. ನಿನಗೆ ತಿಳಿಯುತ್ತೆ."

ಅವಳು ಕೇಳಿದ್ದು ನೇರವಾಗಿ, ತಮಾಷೆಯ ಸೋಂಕೇ ಇಲ್ಲದೆ. ಇದಕ್ಕಿಂತ ಒಳ್ಳೆಯ ಅವಕಾಶ ಯಾರಿಗೂ ಸಿಕ್ಕುವುದಿಲ್ಲ. ಸರಿ ಇಲ್ಲ ಅತ್ತಿಗೆ, ಎರಡನೇ ಗುಂಡಿಗೆ ಕಣ್ಣು ಮುಚ್ಚುತ್ತಾನೆ, ನಾಳೆ ಕಂಪನಿಯ ಹಳೇ ಕೋವೀನೇ ಒಯ್ಯಲಿ ಅನ್ನು. ಇಷ್ಟು ಹೇಳಿದ್ದರೆ ಅವಳು ಮುಂದಿನದನ್ನು ನೋಡಿಕೊಳ್ಳುತ್ತಿದ್ದಳು. ಸೆಕಾಯಿ ಹಟ ಹಿಡಿದರೆ ಮುಜೊಂಡೊನ ಆಟ ನಡೆಯುತ್ತಿರಲಿಲ್ಲ.

ಅಷ್ಟರಲ್ಲಿ ಸ್ನಾನದ ಮರೆಯಿಂದ ಮುಜೊಂಡೊನ ಕೂಗು ಬಂತು. "ಏನದು, ನನ್ನ ಹೆಂಡ್ತಿ ಹತ್ರ ಏನು ಪಿಸುಗುಡ್ತಿದ್ದೀಯೋ ಕತ್ತೆ?"

"ಕೋವಿ ಸರಿ ಇದೆಯಾ ಅಂತ ಕೇಳ್ತಿದ್ದಾಳೆ ಕಣೋ" ಎಂದು ಮಬಾಸಾ ಅಷ್ಟೇ ಜೋರಾಗಿ ಕೂಗಿದ. "ಕೋವಿ ಸರಿ ಇದೆ ಅತ್ತಿಗೆ, ಹಿಂದೆ ನಿಂತಿರೋ ಪ್ರಾಣೀದೇ ತೊಂದರೆ ಅಂದೆ. ಅದು ಕಣ್ಣು ಮುಚ್ಕೊಂಡು ಹೊಡೆಯೋ ಜಾತಿ."

ಮರೆಯ ಆಚೆಯಿಂದ ನಗು ಕೇಳಿಸಿತು. ಸೆಕಾಯಿ ಮಬಾಸಾನ ಮುಖವನ್ನು ಒಮ್ಮೆ ನೋಡಿದಳು. ಅಲ್ಲಿ ನಗುವಿತ್ತು. ಅವಳ ಹೆಗಲು ಸಡಿಲವಾಯಿತು, ತಾನೂ ನಕ್ಕು ಒಲೆಯ ಕಡೆ ಹೋದಳು. ಅಪಾಯವಿದ್ದರೆ ಸಾಹ್ವಿರಾ ಹೀಗೆ ನಗುತ್ತಿದ್ದನೇ ಎಂದುಕೊಂಡಿರಬೇಕು. ಆ ರಾತ್ರಿ ಕೋಳಿಯ ತೊಡೆಯನ್ನು ಅವಳು ಮಬಾಸಾನಿಗೇ ಬಡಿಸಿದಳು. ಅವನು ಅದನ್ನು ತಿಂದ.

ಡಾಕ್ಟರು ಒಳ್ಳೆಯ ಮನುಷ್ಯ. ಎತ್ತರಕ್ಕಿದ್ದರು, ಕೆಂಪಗಿದ್ದರು, ಎಲ್ಲದಕ್ಕೂ ಥ್ಯಾಂಕ್ಸ್ ಹೇಳುತ್ತಿದ್ದರು. ಮುಜೊಂಡೊನ ಕೋವಿಯನ್ನು ಕಂಡು ಅದರ ಫೋಟೋ ತೆಗೆದುಕೊಂಡರು. ಮುಜೊಂಡೊ ಅವತ್ತು ಒಂದು ಗೇಣು ಬೆಳೆದ. ಡಾಕ್ಟರ ಕೈಯಲ್ಲಿದ್ದದ್ದು ನಾನೂರ ಹದಿನಾರರ ಬೋಲ್ಟ್, ಚಿನ್ಹೊಯಿಯಲ್ಲಿ ಬಿಟ್ಟು ಬಂದದ್ದರ ಅಣ್ಣನೋ ತಮ್ಮನೋ ಎಂಬಂಥದ್ದು.

ಮೂರನೇ ಬೆಳಿಗ್ಗೆ ಮಬಾಸಾ ಮುದಿ ಕೋಣವೊಂದರ ಹೆಜ್ಜೆ ಹಿಡಿದ. ಹಿಂಡು ಬಿಟ್ಟು ಒಂಟಿಯಾಗಿ ತಿರುಗುವ ಜಾತಿ, ಮೈಗೆಲ್ಲ ಒಣಗಿದ ಕೆಸರು. ಮೊಪಾನಿ ಮರಗಳ ನಡುವೆ ಅದು ಅಡ್ಡ ನಿಂತಿತ್ತು. ಡಾಕ್ಟರು ಹೊಡೆದರು. ಗುಂಡು ತಗುಲಿದ ಸದ್ದು ಕೇಳಿತು, ಆದರೆ ಹಿಂದಕ್ಕೆ, ಹೊಟ್ಟೆಯ ಕಡೆಗೆ. ಕೋಣ ಬೆನ್ನು ಬಾಗಿಸಿ ಹಳ್ಳದ ಪಕ್ಕದ ದಟ್ಟ ಪೊದೆಯೊಳಗೆ ನುಗ್ಗಿತು.

ಗಾಯದ ಕೋಣ ಪೊದೆ ಹೊಕ್ಕರೆ ಅತಿಥಿ ಹೊರಗೆ ಉಳಿಯಬೇಕು, ಬೇಟೆಗಾರ ಒಳಗೆ ಹೋಗಬೇಕು. ಮುಂದೆ ಹೆಜ್ಜೆ ನೋಡುವವನು, ಅವನ ಭುಜಕ್ಕೆ ತಾಗಿ ಬೇಟೆಗಾರ, ಹಿಂದೆ ಸರ್ಕಾರದ ಕಾವಲುಗಾರ ತನ್ನ ಕೋವಿಯೊಂದಿಗೆ. ಅವತ್ತಿನ ಕಾವಲುಗಾರ ಫಾನುಯೆಲ್ ಎಂಬ ಮೌನಿ. ರಕ್ತ ಸೋರಿ ಕೋಣ ಸೊರಗಲಿ ಎಂದು ಎಲ್ಲರೂ ಒಂದು ಬೀಡಿಯಷ್ಟು ಹೊತ್ತು ಕಾದರು. ಮುಜೊಂಡೊ ನೀರು ಕುಡಿದ. ಬಾಟಲಿಯ ಬಾಯಿ ಅವನ ಹಲ್ಲಿಗೆ ಬಡಿದದ್ದು ಮಬಾಸಾನಿಗೆ ಕೇಳಿಸಿತು.

ಡಾಕ್ಟರ ಕೋವಿ ಮರಕ್ಕೆ ಒರಗಿತ್ತು. ಅದನ್ನು ತೆಗೆದುಕೊಂಡು ಹೋದರೆ ಯಾವ ಕಾನೂನೂ ಅಡ್ಡ ಬರುತ್ತಿರಲಿಲ್ಲ. ಮಬಾಸಾ ಅದನ್ನು ನೋಡಿದ. ಎದ್ದು ಹೋಗಿ, ಕೋವಿ ಎತ್ತಿ ಮುಜೊಂಡೊನ ಕೈಗೆ ತುರುಕಿ, ಕಣ್ಣಲ್ಲಿ ಕಣ್ಣಿಟ್ಟು, ಇದನ್ನು ಹಿಡಿ ಅನ್ನಬೇಕು. ಅವನ ಕಾಲು ಏಳಲಿಲ್ಲ, ನಾಲಿಗೆ ಮಾತ್ರ ಎದ್ದಿತು.

"ಮಂಗಣ್ಣ, ಡಾಕ್ಟರದ್ದನ್ನ ತಗೊಳ್ಳೋ. ನಿಂದನ್ನ ಮದ್ವೆ ಮೆರವಣಿಗೆಗೆ ಇಟ್ಕೋ. ಕಣ್ಣು ಮುಚ್ಚಿದ್ರೂ ಅಲ್ಲಿ ಯಾರೂ ಸಾಯಲ್ಲ."

ಮುಜೊಂಡೊನ ಬಿಗಿದ ಮುಖ ಒಮ್ಮೆಲೇ ಸಡಿಲಾಯಿತು. ಮೂಗಿನಿಂದ ನಗು ಹೊರಟಿತು. "ನೀನು ಸತ್ರೆ ನಿನ್ನ ನಾಲಿಗೇನ ಬೇರೆ ಗುಂಡೀಲಿ ಹೂಳ್ತೀನಿ" ಎಂದ. ಎದ್ದು, ಜೋಡುನಳಿಗೆಯನ್ನು ನಡುವೆ ಬಗ್ಗಿಸಿ ತೆರೆದು ತೋಟಾ ನೋಡಿ, ಮುಚ್ಚಿದ. ಅವನ ಭಯ ಹೋಗಿತ್ತು. ಮಬಾಸಾನಿಗೆ ಅದರಿಂದ ಹಿತವೇ ಆಯಿತು. ಕೆಲಸಕ್ಕೆ ಹೋಗುವವನಿಗೆ ಧೈರ್ಯ ಕೊಟ್ಟೆ ಎಂದುಕೊಂಡ. ಆಮೇಲಿನ ದಿನಗಳಲ್ಲಿ ಅವನನ್ನು ಹೆಚ್ಚು ತಿಂದದ್ದು ಈ ಹಿತವೇ. ಆ ಭಯ ಇದ್ದಿದ್ದರೆ ಮುಜೊಂಡೊ ಒಂದು ಸಲವಾದರೂ ಮರಕ್ಕೊರಗಿದ ಕೋವಿಯತ್ತ ನೋಡುತ್ತಿದ್ದನೇನೋ.

ಪೊದೆಯೊಳಗೆ ಅವರು ಹೆಚ್ಚು ದೂರ ಹೋಗಲಿಲ್ಲ. ಕೋಣ ತನ್ನ ಜಾಡಿಗೇ ಸುತ್ತಿ ಬಂದು ಪಕ್ಕದಲ್ಲಿ ಹೊಂಚಿ ನಿಂತಿತ್ತು. ಕೊಂಬೆ ಮುರಿದ ಸದ್ದು ಕೇಳಿ ಮಬಾಸಾ ಕಲಿತ ಪಾಠದಂತೆ ಬದಿಗೆ ಬಿದ್ದ, ಮುಜೊಂಡೊಗೆ ದಾರಿ ಬಿಟ್ಟ. ಮೊದಲ ನಳಿಗೆ ಹಾರಿತು. ಗುಂಡು ಎದೆಗೆ ಬಿತ್ತು. ಕೋಣದ ಮುಂಗಾಲುಗಳು ಮಡಚಿಕೊಂಡವು, ಮೂತಿ ನೆಲಕ್ಕೆ ತಾಗಿತು. ಅದು ಮತ್ತೆ ಏಳಲು ಹೆಣಗುತ್ತಿತ್ತು. ಎರಡನೇ ಗುಂಡು ಇರುವುದೇ ಆ ಗಳಿಗೆಗೆ. ನೆಲದ ಮೇಲೆ ಬಿದ್ದಿದ್ದ ಮಬಾಸಾ ಕೋಣವನ್ನು ನೋಡಲಿಲ್ಲ, ಮುಜೊಂಡೊನ ಮುಖ ನೋಡಿದ. ಅವನ ಕಣ್ಣು ಮುಚ್ಚಿದ್ದವು. ಗುಂಡು ಕೋಣದ ಮುಂದಿನ ಮಣ್ಣಿಗೆ ಹೊಕ್ಕಿತು.

ಫಾನುಯೆಲ್ ಹೊಡೆದು ಕೊಂದ. ಅಷ್ಟರೊಳಗೆ ಕೋಣ ಮುಜೊಂಡೊನನ್ನು ಎತ್ತಿ ಬಿಸಾಡಿ, ಮೇಲೆ ಬಿದ್ದು, ಬಲ ಭುಜವನ್ನೂ ಸೊಂಟವನ್ನೂ ಪುಡಿ ಮಾಡಿತ್ತು.

ಪ್ರಾಣ ಉಳಿಯಿತು. ಆಸ್ಪತ್ರೆಯವರು ಮಾಡುವಷ್ಟು ಮಾಡಿದರು. ಮಳೆಗಾಲ ಬಂದು ಹೋದ ಮೇಲೆ ಅವನನ್ನು ಮನೆಗೆ ಕಳಿಸಿದರು. ಬಲಗೈ ಎದೆಯ ಮಟ್ಟಕ್ಕಿಂತ ಮೇಲೇಳದು, ಎರಡು ಊರುಗೋಲಿಲ್ಲದೆ ನಡೆಯಲಾಗದು. ಪರವಾನಗಿ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿತ್ತು.

ಮಬಾಸಾ ಆಸ್ಪತ್ರೆಗೂ ಹೋಗುತ್ತಿದ್ದ, ಮನೆಗೂ ಹೋಗುತ್ತಿದ್ದ. ಅಲ್ಲಿ ಯಾವಾಗಲೂ ಬೇರೆ ಜನ ಇರುತ್ತಿದ್ದರು, ಮಾತು ನೋವಿನ ಮಾತ್ರೆಗಳ ಸುತ್ತ ಮುಗಿಯುತ್ತಿತ್ತು. ಒಂದು ಮಧ್ಯಾಹ್ನ ಮಾತ್ರ ಇಬ್ಬರೇ ಮಾವಿನ ಮರದ ಕೆಳಗೆ ಸಿಕ್ಕರು. ಸೆಕಾಯಿ ಅಂಗಳದ ಆಚೆ ಬಟ್ಟೆ ಹರವುತ್ತಿದ್ದಳು.

"ನಾನು ಕಣ್ಣು ಮುಚ್ಚಿದ್ನಂತೆ. ಫಾನುಯೆಲ್ ಹೇಳ್ದ" ಎಂದ ಮುಜೊಂಡೊ. "ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು. ಕಲ್ಲುಗಣೀಲೇ ಕಂಡೆ."

"ಹೇಳ್ಬಹುದಿತ್ತಲ್ಲೋ."

"ಹೇಳ್ದೆ" ಎಂದ ಮಬಾಸಾ. ಅವನ ದನಿ ಅವನಿಗೇ ಅಸಹ್ಯವಾಯಿತು. "ಗಣೀಲಿ ಹೇಳ್ದೆ. ಇದೇ ಅಂಗಳದಲ್ಲಿ ಕೂಗಿ ಹೇಳ್ದೆ. ಪೊದೆ ಮುಂದೆನೂ ಹೇಳ್ದೆ."

ಮುಜೊಂಡೊ ಒಂದೊಂದನ್ನೇ ನೆನಪಿಗೆ ತಂದುಕೊಳ್ಳುತ್ತಿರುವಂತೆ ಕಂಡಿತು. ಕೊನೆಗೆ ತಲೆಯಾಡಿಸಿದ.

"ಹೌದು. ಮೂರು ಸಲಾನೂ ಹೇಳಿದ್ದೀಯ. ಮೂರು ಸಲಾನೂ ನಾನು ನಕ್ಕೆ."

"ನಗೋ ಹಾಗೆ ಹೇಳ್ದೆ ನಾನು. ತಪ್ಪು ನಂದು. ಪರೀಕ್ಷೇಲಿ ಬಿದ್ದೋನು ಹೊಟ್ಟೆ ಉರಿಗೆ ಹೇಳ್ತಾನೆ ಅಂದ್ಕೋತೀಯ ಅಂತ ಹೆದರ್ದೆ. ನೆಟ್ಟಗೆ ಹೇಳೋ ಧೈರ್ಯ ಬರ್ಲಿಲ್ಲ ಕಣೋ."

ಬೈಗುಳಕ್ಕೆ ಮಬಾಸಾ ಕಾದ. ಊರುಗೋಲಿನಿಂದ ಹೊಡೆದಿದ್ದರೂ ಅವನಿಗೆ ಸಮಾಧಾನವಾಗುತ್ತಿತ್ತು. ಮುಜೊಂಡೊ ಸಿಟ್ಟಾಗಲಿಲ್ಲ. ನಿಧಾನವಾಗಿ, ಎಡಗೈಯಿಂದ, ಮಬಾಸಾನ ಮೊಣಕಾಲಿನ ಮೇಲೆ ಕುಳಿತಿದ್ದ ಇರುವೆಯೊಂದನ್ನು ಕೊಡವಿದ. "ಆಗಿದ್ದು ಆಗೋಯ್ತು" ಎಂದ.

ಮಬಾಸಾನ ಎದೆಯ ಮೇಲಿನ ಕಲ್ಲು ಅರ್ಧ ಇಳಿದಂತಾಯಿತು. ಇನ್ನರ್ಧ ಇಳಿಯಬೇಕಾದರೆ ಗೆಳೆಯ ನಗಬೇಕು. ಅವನನ್ನು ನಗಿಸುವುದು ಹೇಗೆಂದು ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಾಹ್ವಿರಾಗಳ ನಡುವೆ ಅಜ್ಜಂದಿರ ಕಾಲದಿಂದ ತಿರುಗಿ ತಿರುಗಿ ಸವೆದ ತಮಾಷೆಯೊಂದನ್ನೇ ಅವನು ತೆಗೆದ.

"ಒಂದು ಲೆಕ್ಕಕ್ಕೆ ನೀನೇ ಪುಣ್ಯವಂತ ಬಿಡೋ ಮಂಗಣ್ಣ. ಕೂತಲ್ಲಿಗೇ ಸಡ್ಜಾ ಬರುತ್ತೆ. ನಿನ್ನಂಥ ಸೋಮಾರಿಗೆ ಇನ್ನೇನು ಬೇಕು? ಸೆಕಾಯಿ ಇನ್ನೊಬ್ಬನ್ನ ನೋಡ್ಕೊಳ್ಳೋವರೆಗೂ ನಿನಗೆ ಯೋಚನೆ ಇಲ್ಲ."

ಮುಜೊಂಡೊ ನಗಲಿಲ್ಲ. ತಲೆಯೆತ್ತಿ ಅಂಗಳದ ಆಚೆಗೆ ನೋಡಿದ. ಸೆಕಾಯಿ ಹಾಸಿಗೆ ಬಟ್ಟೆಯನ್ನು ಝಾಡಿಸಿ ಹಗ್ಗದ ಮೇಲೆ ಹಾಕುತ್ತಿದ್ದಳು, ಬೇಲಿಯಾಚೆ ಹೋಗುತ್ತಿದ್ದ ಯಾರಿಗೋ ಏನೋ ಉತ್ತರ ಕೊಡುತ್ತಿದ್ದಳು. ಮುಜೊಂಡೊ ಅವಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಅವಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದ.

"ಅವಳಲ್ಲಿ ಏನಾದ್ರೂ ಕಂಡ್ಯಾ ಮಬಾಸಾ? ಕಂಡಿದ್ರೆ ಹೇಳು. ಈ ಸಲ ನಾನು ನಗಲ್ಲ."

ಮಬಾಸಾ ಬೆಚ್ಚಿದ. ಅಯ್ಯೋ, ತಮಾಷೆ ಕಣೋ, ಬರೀ ತಮಾಷೆ, ಎಂದ. ಸತ್ತ ಅಪ್ಪನ ಮೇಲೆ ಆಣೆ ಇಟ್ಟ. ಕುಲದ ಹೆಸರು ಹಿಡಿದು ಆಣೆ ಇಟ್ಟ. ಕೊನೆಗೆ ನೆಲದ ಮೇಲೆ ಕೂತು, ಸಾವಿನ ಮನೆಯಲ್ಲಿ ಮಾಡುವಂತೆ ಎರಡೂ ಅಂಗೈ ಬಡಿದು, ಅವನನ್ನು ಗೌರವದ ಹೆಸರಿನಿಂದ ಕರೆದು ಬೇಡಿಕೊಂಡ. ಬದುಕಿನಲ್ಲಿ ಮೊದಲ ಸಲ ಅವನು ಸಾಹ್ವಿರಾನ ಎದುರು ತಮಾಷೆಯನ್ನು ಪೂರ್ತಿ ಬದಿಗಿಟ್ಟು ಅಂಗಲಾಚುತ್ತಿದ್ದ.

ಮುಜೊಂಡೊ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡ.

"ಕೋವಿ ವಿಷಯಾನೂ ತಮಾಷೆ ಅಂತಾನೇ ಅಂದ್ಕೊಂಡಿದ್ದೆ" ಎಂದ. ಮತ್ತೆ ಸೆಕಾಯಿಯ ಕಡೆಗೆ ನೋಡತೊಡಗಿದ.